ಲಾಭದ ಲೆಕ್ಕದಲ್ಲಿ ಸೋತ ಟಾಕೀಸು, ಊರಿನ ಲೆಕ್ಕದಲ್ಲಿ ಗೆದ್ದ ಕಥೆ

ಇವತ್ತು ನಿಮ್ಮನ್ನ ಒಂದು ಟಾಕೀಸಿಗೆ ಕರ್ಕೊಂಡು ಹೋಗ್ತೀನಿ. ದೊಡ್ಡ ಊರಿನ ಟಾಕೀಸಲ್ಲ. ಜನಸಂಖ್ಯೆ ಇಪ್ಪತ್ತು ಸಾವಿರದ ಆಸುಪಾಸು ಇರೋ ಒಂದು ಬಂದರು ಊರಿನದ್ದು. ಲೆಕ್ಕ ಹಾಕಿದ್ರೆ ನಮ್ಮ ಒಂದು ಸಣ್ಣ ತಾಲ್ಲೂಕು ಕೇಂದ್ರದಷ್ಟೇ. 1911ರಲ್ಲಿ ಬಾಗಿಲು ತೆರೀತು, 1956ರಲ್ಲಿ ಮುಚ್ಚಿತು. ಆಮೇಲೆ 25 ವರ್ಷ ಕತ್ತಲಲ್ಲೇ ಇತ್ತು. 1981ರಲ್ಲಿ ಮತ್ತೆ ದೀಪ ಹತ್ತಿತು. ಇವತ್ತಿಗೂ ಅಲ್ಲಿ ಸಿನಿಮಾ ಓಡುತ್ತೆ.

ಊರಿನ ಹೆಸರು ಹಾರ್ವಿಚ್. ಬರೆಯೋದು ಹಾಗೆ, ಅಲ್ಲಿನವರು ಬಾಯಲ್ಲಿ ಹೇಳೋದು 'ಹ್ಯಾರಿಚ್' ಅಂತ. ಇಂಗ್ಲೆಂಡಿನ ಪೂರ್ವ ಕರಾವಳಿ, ಎಸೆಕ್ಸ್ ಕೌಂಟಿ. ಸ್ಟೌರ್ ಮತ್ತು ಆರ್ವೆಲ್ ಅನ್ನೋ ಎರಡು ನದಿಗಳು ಸಮುದ್ರ ಸೇರೋ ಜಾಗ. 1620ರಲ್ಲಿ ಅಮೆರಿಕಕ್ಕೆ ವಲಸಿಗರನ್ನ ಕರೆದೊಯ್ದ ಮೇಫ್ಲವರ್ ಹಡಗಿನ ಕ್ಯಾಪ್ಟನ್ ಕ್ರಿಸ್ಟೋಫರ್ ಜೋನ್ಸ್ ಇದೇ ಊರಿನವನು. ಟಾಕೀಸಿನ ಹೆಸರು ಎಲೆಕ್ಟ್ರಿಕ್ ಪ್ಯಾಲೆಸ್.

ಇಂಗ್ಲೆಂಡಿನ ಟಾಕೀಸು ಕಟ್ಕೊಂಡು ನಮಗೇನಾಗಬೇಕು ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಮ್ಮಲ್ಲಿ ಟಾಕೀಸುಗಳು ಒಂದೊಂದಾಗಿ ಹೋಗ್ತಾ ಇವೆ. ಬೆಂಗಳೂರಿನ ಕಪಾಲಿ 2017ರಲ್ಲಿ ಮುಚ್ಚಿತು. ಕಾವೇರಿ 2024ರಲ್ಲಿ ಹೋಯ್ತು. ಇವು ಸುದ್ದಿಯಾದವು, ಯಾಕಂದ್ರೆ ರಾಜಧಾನಿಯಲ್ಲಿದ್ದವು. ತಾಲ್ಲೂಕು ಊರುಗಳಲ್ಲಿ ಹೋದವಕ್ಕೆ ಒಂದು ಸಾಲಿನ ಸುದ್ದಿಯೂ ಆಗಲ್ಲ. ಒಂದು ದಿನ ಪೋಸ್ಟರ್ ಅಂಟಿಸೋದು ನಿಲ್ಲುತ್ತೆ, ಆರು ತಿಂಗಳಿಗೆ ಗೇಟಿಗೆ ಬೀಗ, ಎರಡು ವರ್ಷಕ್ಕೆ ಕಲ್ಯಾಣ ಮಂಟಪ. ಹಾಗಾಗಿ, ಸತ್ತೇ ಹೋಗಿದ್ದ ಒಂದು ಟಾಕೀಸು ಹೇಗೆ ಎದ್ದು ಕೂತಿತು ಅನ್ನೋದು ನಮಗೂ ಬೇಕಾದ ವಿಷಯ. ಅಯ್ಯೋ ಪಾಪ ಅನ್ನೋಕಲ್ಲ. ಅಲ್ಲಿ ಏನು ಕೆಲಸ ಮಾಡಿತು, ಅದು ಇಲ್ಲಿ ಮಾಡುತ್ತಾ ಅಂತ ತೂಗಿ ನೋಡೋಕೆ. ನಾನು ಓದಿದ್ದು ಬಿ.ಕಾಂ. ಇತಿಹಾಸ ಓದಿದರೂ ಕಣ್ಣು ಮೊದಲು ಹೋಗೋದು ಜಮಾ-ಖರ್ಚಿನ ಕಡೆಗೇ.

ಸರಿ, ಶುರು ಮಾಡೋಣ. ಶುರುವಾಗೋದು ಜಾತ್ರೆಯಿಂದ.

1890ರ ದಶಕದಲ್ಲಿ ಸಿನಿಮಾ ಹುಟ್ಟಿದಾಗ ಅದಕ್ಕೆ ಅಂತ ಒಂದು ಮನೆ ಇರಲಿಲ್ಲ. ಇಂಗ್ಲೆಂಡಿನಲ್ಲಿ ಅದು ಜಾತ್ರೆ ಜಾತ್ರೆ ಸುತ್ತುತ್ತಿತ್ತು. ಗಿರಗಟ್ಟಲೆ, ತೊಟ್ಟಿಲು, ಮಿಠಾಯಿ ಅಂಗಡಿ, ಅದರ ಪಕ್ಕದಲ್ಲೇ ಬಯಸ್ಕೋಪ್ ಡೇರೆ. ಮುಂದೆ ಬಣ್ಣಬಣ್ಣದ ಅಲಂಕಾರದ ಮುಖ, ದೊಡ್ಡ ಸದ್ದು ಮಾಡೋ ಆರ್ಗನ್. ಒಳಗೆ ಬೆಂಚು, ಬಿಳಿ ಪರದೆ. ನಮ್ಮ ಅಜ್ಜ ಅಜ್ಜಿ ಹೇಳೋ ಟೂರಿಂಗ್ ಟಾಕೀಸ್ ನೆನಪಾಯ್ತಾ? ಅದೇ ಬಗೆ. ಪೂರ್ವ ಇಂಗ್ಲೆಂಡಿನಲ್ಲಿ ಹೀಗೆ ಜಾತ್ರೆ ಸುತ್ತುತ್ತಿದ್ದ ಒಬ್ಬ ವ್ಯಾಪಾರಿ ಚಾರ್ಲ್ಸ್ ಥರ್ಸ್ಟನ್.

ಈ ಥರ್ಸ್ಟನ್ ಡೇರೆ ಬಿಟ್ಟು ಗೋಡೆ ಕಟ್ಟೋಕೆ ಯಾಕೆ ಬಂದ? ಆಗಿನ ಕಾಲದ ಬದಲಾವಣೆಯ ಹಿಂದೆ ಒಂದು ದೊಡ್ಡ ಕಾರಣ ಇದೆ. ಬೆಂಕಿ.

ಆಗಿನ ಫಿಲಂ ರೀಲು ಮಾಡ್ತಿದ್ದದ್ದು ನೈಟ್ರೇಟ್ ಅನ್ನೋ ವಸ್ತುವಿನಿಂದ. ಅದಕ್ಕೆ ಕಿಡಿ ತಗುಲಿದ್ರೆ ಸಾಕು, ಭಗ್ ಅಂತ ಹತ್ತಿಕೊಳ್ಳೋದು. ಒಂದು ಸಲ ಹತ್ತಿತು ಅಂದ್ರೆ ನೀರು ಹಾಕಿದರೂ ಆರಿಸೋದು ಕಷ್ಟ. ಜೊತೆಗೆ ಪ್ರೊಜೆಕ್ಟರ್‌ಗೆ ಬೇಕಾದ ಪ್ರಖರ ಬೆಳಕೂ ಬೆಂಕಿಯ ಆಟವೇ. 1897ರ ಮೇ 4ರಂದು ಪ್ಯಾರಿಸ್‌ನ ಒಂದು ದತ್ತಿ ಮೇಳದಲ್ಲಿ ಸಿನಿಮಾ ತೋರಿಸ್ತಿದ್ದಾಗ ಪ್ರೊಜೆಕ್ಟರಿನ ದೀಪಕ್ಕೆ ಬಳಸ್ತಿದ್ದ ಈಥರ್‌ಗೆ ಬೆಂಕಿ ಹಿಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಇಂಥ ಭಯ ಎಲ್ಲ ದೇಶಗಳಲ್ಲೂ ಹರಡಿತ್ತು. ಕೊನೆಗೆ ಬ್ರಿಟನ್ ಸರ್ಕಾರ 1909ರಲ್ಲಿ ಸಿನಿಮಾಟೋಗ್ರಾಫ್ ಕಾಯ್ದೆ ತಂತು. ಸಿನಿಮಾ ತೋರಿಸಬೇಕಾದ್ರೆ ಲೈಸೆನ್ಸ್ ಬೇಕು. ಪ್ರೊಜೆಕ್ಟರನ್ನ ಬೆಂಕಿ ತಡೆಯೋ ಪ್ರತ್ಯೇಕ ಕೋಣೆಯಲ್ಲಿ ಇಡಬೇಕು, ಜನರ ಮಧ್ಯೆ ಇಡೋ ಹಾಗಿಲ್ಲ.

ಈ ಕಾಯ್ದೆ ಬಂದ ಮೇಲೆ ಡೇರೆಗಳಿಗೆ, ಬಾಡಿಗೆ ಹಾಲ್‌ಗಳಿಗೆ ಕಷ್ಟ ಶುರುವಾಯ್ತು. ಸಿನಿಮಾಗೆ ಅಂತಲೇ ಕಟ್ಟಿದ ಮನೆಗಳು ಊರೂರಲ್ಲಿ ಎದ್ದವು. ಅಂದ್ರೆ ಟಾಕೀಸು ಅನ್ನೋ ಕಟ್ಟಡ ಹುಟ್ಟಿದ್ದರಲ್ಲಿ ಕಲಾವಿದರ ಕನಸಿನಷ್ಟೇ ಬೆಂಕಿಯ ಭಯಕ್ಕೂ ಪಾಲಿದೆ.

ಇಲ್ಲಿ ಒಂದು ನಿಮಿಷ ನಮ್ಮ ಕಡೆ ಬರೋಣ. ಆ 1909ರ ಕಾಯ್ದೆಯ ದಾರಿಯಲ್ಲೇ ಬ್ರಿಟಿಷರು ಇಲ್ಲಿ 1918ರಲ್ಲಿ ಭಾರತೀಯ ಸಿನಿಮಾಟೋಗ್ರಾಫ್ ಕಾಯ್ದೆ ಮಾಡಿದರು. ಟಾಕೀಸಿಗೆ ಲೈಸೆನ್ಸ್, ಫಿಲಂಗೆ ಸರ್ಟಿಫಿಕೇಟ್, ಎರಡನ್ನೂ ಒಂದೇ ಕಾಯ್ದೆಯಲ್ಲಿ ಕಟ್ಟಿದರು. ನಮ್ಮ ರಾಜ್ಯದಲ್ಲಿ ಚಿತ್ರಮಂದಿರಗಳಿಗೆ 1964ರಿಂದ ಬೇರೆ ಕಾಯ್ದೆ ಇದೆ. ಆದರೆ ನಿಮ್ಮೂರಿನ ಟಾಕೀಸಿನ ಮೇಲುಗಡೆ ಒಂದು ದಪ್ಪ ಗೋಡೆಯ ಆಪರೇಟರ್ ರೂಮ್, ಅದಕ್ಕೆ ಎರಡು ಪುಟ್ಟ ಕಿಂಡಿ ಇದೆಯಲ್ಲ, ಆ ಕಿಂಡಿಯ ಬೇರು ಹುಡುಕಿಕೊಂಡು ಹೋದ್ರೆ ಸಿಗೋದು ನೂರು ವರ್ಷಕ್ಕೂ ಹಿಂದಿನ ಆ ಬೆಂಕಿ ಭಯವೇ.

ವಾಪಸ್ ಹಾರ್ವಿಚ್‌ಗೆ. ಥರ್ಸ್ಟನ್ ಪಕ್ಕದ ಇಪ್ಸ್‌ವಿಚ್ ಊರಿನ ಹೆರಾಲ್ಡ್ ರಿಡ್ಲಿ ಹೂಪರ್ ಅನ್ನೋ ಯುವ ಆರ್ಕಿಟೆಕ್ಟ್‌ನನ್ನ ಹಿಡಿದ. ಕಿಂಗ್ಸ್ ಕ್ವೇ ಸ್ಟ್ರೀಟ್‌ನಲ್ಲಿ ಜಾಗ. 18 ವಾರದಲ್ಲಿ ಕಟ್ಟಡ ಎದ್ದು ನಿಂತಿತು. ಖರ್ಚು 1,500 ಪೌಂಡ್. ಸುಮಾರು 300 ಸೀಟು. ಮುಂಭಾಗ ನೋಡಿದ್ರೆ ಜಾತ್ರೆಯ ಬಯಸ್ಕೋಪ್ ಡೇರೆಯ ಅಲಂಕಾರದ ಮುಖವನ್ನೇ ಸುಣ್ಣ ಗಾರೆಯಲ್ಲಿ ಮಾಡಿಟ್ಟ ಹಾಗಿದೆ. ಒಳಗೆ ಅಷ್ಟೊಂದು ವೈಭವ ಏನಿಲ್ಲ, ಉದ್ದನೆಯ ಒಂದು ಹಾಲ್ ಅಷ್ಟೇ. ಆದರೆ ರಸ್ತೆಯಲ್ಲಿ ಹೋಗೋನು ಒಂದು ಸಲ ತಿರುಗಿ ನೋಡಲೇಬೇಕು. ಜಾತ್ರೆ ವ್ಯಾಪಾರಿಗೆ ದುಡ್ಡು ಎಲ್ಲಿ ಸುರಿಯಬೇಕು ಅಂತ ಚೆನ್ನಾಗಿ ಗೊತ್ತಿತ್ತು.

1911ರ ನವೆಂಬರ್ 29, ಬುಧವಾರ. ಮೊದಲ ಶೋ. ತೋರಿಸಿದ್ದು ಟ್ರಫಾಲ್ಗರ್ ಯುದ್ಧ ಮತ್ತು ನೆಲ್ಸನ್‌ನ ಸಾವಿನ ಚಿತ್ರ. ನೆಲ್ಸನ್ ಅಂದ್ರೆ ಬ್ರಿಟಿಷ್ ನೌಕಾಪಡೆಯ ವೀರ. ಹಡಗಿನವರೇ ತುಂಬಿರೋ ಊರಿಗೆ ಹಡಗಿನ ಯುದ್ಧದ ಸಿನಿಮಾ. ಯಾವ ಊರಿಗೆ ಯಾವ ಪಿಕ್ಚರ್ ಹಾಕಬೇಕು ಅನ್ನೋ ಲೆಕ್ಕ ಆಗಲೇ ಇತ್ತು ನೋಡಿ.

ಹೆಸರಲ್ಲಿ 'ಎಲೆಕ್ಟ್ರಿಕ್' ಯಾಕೆ? ಆ ಕಾಲಕ್ಕೆ ಕರೆಂಟ್ ಅನ್ನೋದೇ ಒಂದು ಬೆರಗು. ಈ ಟಾಕೀಸು ತನ್ನ ಕರೆಂಟನ್ನ ತಾನೇ ತಯಾರಿಸ್ಕೊಳ್ತಿತ್ತು. ಕಟ್ಟಡದ ಹಿಂಭಾಗದಲ್ಲಿ ಗ್ಯಾಸ್‌ನಿಂದ ಓಡೋ ಒಂದು ಕ್ರಾಸ್ಲಿ ಎಂಜಿನ್, ಅದಕ್ಕೊಂದು ಡೈನಮೋ. ಆಗ ಲೋಕದ ಎಷ್ಟೋ ಕಡೆ ಟಾಕೀಸುಗಳಿಗೆ ಇದೇ ಹೆಸರು. ನಮ್ಮ ಪಕ್ಕದ ಮದ್ರಾಸಿನಲ್ಲೂ 1913ರಲ್ಲಿ ವಾರ್ವಿಕ್ ಮೇಜರ್ ಅನ್ನೋನು ಎಲೆಕ್ಟ್ರಿಕ್ ಥಿಯೇಟರ್ ಶುರು ಮಾಡಿದ್ದ. ಅದು ಎರಡೇ ವರ್ಷಕ್ಕೆ ಮುಚ್ಚಿ ಹೋಯ್ತು. ಆದರೆ ಕಟ್ಟಡ ಉಳಿಯಿತು. ಮೌಂಟ್ ರೋಡಿನ ಅಂಚೆ ಕಚೇರಿ ಆವರಣದ ಭಾಗವಾಗಿ, ಅಂಚೆಚೀಟಿ ಸಂಗ್ರಹಕಾರರ ಜಾಗವಾಗಿ ಅದನ್ನ ಬಳಸಿದರು. ಹೀಗೆ ಬೇರೆ ವೇಷದಲ್ಲಿ ಬದುಕೋದೂ ಒಂದು ದಾರಿ.

ಮುಂದೆ 1914. ಮೊದಲ ಮಹಾಯುದ್ಧ. ಹಾರ್ವಿಚ್ ನೌಕಾಪಡೆಯ ದೊಡ್ಡ ನೆಲೆ ಆಯ್ತು. ಯುದ್ಧ ಮುಗಿದ ಮೇಲೆ, 1918ರ ನವೆಂಬರ್‌ನಲ್ಲಿ ಜರ್ಮನಿಯ ಸಬ್‌ಮರೀನ್‌ಗಳು ಬಂದು ಶರಣಾಗಲು ಶುರು ಮಾಡಿದ್ದು ಇದೇ ಬಂದರಿನಲ್ಲಿ. ಆ ನಾಲ್ಕು ವರ್ಷ ಊರು ತುಂಬ ನಾವಿಕರು. ಇವತ್ತು ದಡದಲ್ಲಿದ್ದೀವಿ, ನಾಳೆ ಗೊತ್ತಿಲ್ಲ ಅನ್ನೋ ಹುಡುಗರು. ಅಂಥವರಿಗೆ ಸಂಜೆ ಎರಡು ಗಂಟೆ ಕಳೆಯೋಕೆ ಊರಲ್ಲಿದ್ದ ಜಾಗಗಳಲ್ಲಿ ಈ ಟಾಕೀಸೂ ಒಂದು. ಈ ವಿಷಯ ನೆನಪಿಟ್ಕೊಳ್ಳಿ. ಕಟ್ಟಡವನ್ನ ಕೊನೆಗೆ ಉಳಿಸಿದ್ದು ಇಂಥದ್ದೇ ಒಂದು ಯೋಚನೆ.

1930ರಲ್ಲಿ ಇಲ್ಲಿಗೆ ಮಾತಿನ ಚಿತ್ರ ಬಂತು. ಹೋಲಿಕೆಗೆ ಹೇಳ್ತೀನಿ, ಭಾರತದ ಮೊದಲ ಟಾಕಿ 'ಆಲಂ ಆರಾ' ಬಂದಿದ್ದು 1931ರ ಮಾರ್ಚ್‌ನಲ್ಲಿ, ಕನ್ನಡದ ಮೊದಲ ಟಾಕಿ 'ಸತಿ ಸುಲೋಚನ' 1934ರಲ್ಲಿ. ಮಾತಿನ ಚಿತ್ರಕ್ಕೆ ಸ್ಪೀಕರ್ ಇಡೋದು ಪರದೆಯ ಹಿಂದೆ. ಶಬ್ದ ಹೊರಗೆ ಬರೋಕೆ ಪರದೆಯಲ್ಲಿ ಸಣ್ಣ ಸಣ್ಣ ತೂತು ಇರಬೇಕು. ಹಾಗಾಗಿ ಮೂಕಿ ಕಾಲದ ಪರದೆಗಳು ಎಲ್ಲ ಕಡೆ ಮೂಲೆ ಸೇರಿದವು, ಕಿತ್ತು ಹೋದವು. ಹಾರ್ವಿಚ್‌ನಲ್ಲಿ ಮಾತ್ರ ಮೂಕಿ ಕಾಲದ ಆ ಪರದೆ ಹಾಗೇ ಉಳೀತು. ಮೂಲ ಪ್ರೊಜೆಕ್ಷನ್ ಕೋಣೆ ಉಳೀತು. ಅಲಂಕಾರದ ಮುಂಭಾಗವೂ ಉಳೀತು. ಬ್ರಿಟನ್‌ನಲ್ಲಿ ಈ ಮೂರೂ ಒಟ್ಟಿಗೆ ಉಳಿದಿರೋ ಟಾಕೀಸು ತೀರಾ ಅಪರೂಪ.

ಹೇಗೆ ಉಳೀತು? ನನ್ನ ಲೆಕ್ಕದಲ್ಲಿ ಅದರ ಕಾರಣ ಒಂಥರಾ ತಮಾಷೆ. ಬದಲಾಯಿಸೋಕೆ ದುಡ್ಡಿರಲಿಲ್ಲ, ಅಥವಾ ದುಡ್ಡು ಹಾಕೋಷ್ಟು ಲಾಭ ಕಾಣಲಿಲ್ಲ. 1930ರ ದಶಕದಲ್ಲಿ ದೊಡ್ಡ ಊರುಗಳಲ್ಲಿ ಸಾವಿರ, ಎರಡು ಸಾವಿರ ಸೀಟಿನ ಹೊಸ ಸಿನಿಮಾ ಅರಮನೆಗಳು ಎದ್ದವು. ಹಳೆಯವರು ಅವುಗಳ ಸಮ ನಿಲ್ಲೋಕೆ ಮುಂಭಾಗ ಕಿತ್ತರು, ಒಳಗೆಲ್ಲ ಹೊಸದು ಮಾಡಿದರು. 300 ಸೀಟಿನ ಸಣ್ಣ ಟಾಕೀಸು ಯಾವ ಧೈರ್ಯದ ಮೇಲೆ ಅಷ್ಟು ಬಂಡವಾಳ ಹಾಕುತ್ತೆ? ಹಾಗೇ ನಡೀತಾ ಇತ್ತು. ಆಗ ಅದು ಬಡತನ, ಈಗ ಅದೇ ಪರಂಪರೆ.

ಈಗ ಇಳಿಜಾರಿನ ಕಥೆ. 1953ರ ಜನವರಿ 31ರ ರಾತ್ರಿ ಉತ್ತರ ಸಮುದ್ರ ಉಕ್ಕಿತು. ಬಿರುಗಾಳಿ ಜೊತೆಗೆ ದೊಡ್ಡ ಉಬ್ಬರ. ನೆದರ್‌ಲ್ಯಾಂಡ್ಸ್‌ನಲ್ಲಿ 1,800ಕ್ಕೂ ಹೆಚ್ಚು ಜನ, ಇಂಗ್ಲೆಂಡಿನಲ್ಲಿ 300ಕ್ಕೂ ಹೆಚ್ಚು ಜನ ತೀರಿಕೊಂಡರು. ಹಾರ್ವಿಚ್‌ನಲ್ಲೇ ಎಂಟು ಸಾವು. ನೀರು ಟಾಕೀಸಿಗೂ ನುಗ್ಗಿತು, ಶೋ ನಿಂತಿತು. ಆಮೇಲೆ ಮತ್ತೆ ಶುರು ಮಾಡಿದರು.

ಆದರೆ ಪ್ರವಾಹಕ್ಕಿಂತ ದೊಡ್ಡದು ಇನ್ನೊಂದು ಬರ್ತಾ ಇತ್ತು. ಅಂಕಿ ಹೇಳ್ತೀನಿ, ಗಮನ ಇಟ್ಟು ಕೇಳಿ. 1946ರಲ್ಲಿ ಬ್ರಿಟನ್ನಿನ ಟಾಕೀಸುಗಳಲ್ಲಿ ಮಾರಾಟವಾದ ಟಿಕೆಟ್ ಸುಮಾರು 163 ಕೋಟಿ. 1956ರ ಹೊತ್ತಿಗೆ ಅದು 110 ಕೋಟಿಗೆ ಇಳೀತು. 1960ರಲ್ಲಿ 50 ಕೋಟಿ. 1984ರಲ್ಲಿ ಬರೀ 5 ಕೋಟಿ ಚಿಲ್ಲರೆ. ನೂರು ಜನ ಬರ್ತಿದ್ದ ಕಡೆ ಮೂರು ನಾಲ್ಕು ಜನ ಬಂದ ಹಾಗೆ. ಕಾರಣ ಒಂದೇ ಅಲ್ಲ, ಆದರೆ ದೊಡ್ಡದು ಟಿ.ವಿ. 1953ರಲ್ಲಿ ರಾಣಿ ಎಲಿಜಬೆತ್ ಪಟ್ಟಾಭಿಷೇಕ ನೋಡೋಕೆ ಜನ ಸೆಟ್ ಕೊಂಡರು. 1955ರ ಸೆಪ್ಟೆಂಬರ್‌ನಲ್ಲಿ ಐಟಿವಿ ಅನ್ನೋ ಖಾಸಗಿ ಚಾನೆಲ್ ಬಂತು. ಇದರ ಮೇಲೆ ಟಿಕೆಟ್ ಮೇಲಿನ ಮನರಂಜನಾ ತೆರಿಗೆ ಬೇರೆ. ಅದನ್ನ ಸರ್ಕಾರ ತೆಗೆದು ಹಾಕಿದ್ದು 1960ರಲ್ಲಿ. ಅಷ್ಟೊತ್ತಿಗೆ ನಮ್ಮ ಎಲೆಕ್ಟ್ರಿಕ್ ಪ್ಯಾಲೆಸ್‌ಗೆ ಬೀಗ ಬಿದ್ದು ನಾಲ್ಕು ವರ್ಷ ಆಗಿತ್ತು. 1956ರಲ್ಲಿ, 45 ವರ್ಷ ನಡೆದ ಮೇಲೆ ಮುಚ್ಚಿತು.

ಮುಚ್ಚಿದ ಟಾಕೀಸುಗಳು ಏನಾಗ್ತಿದ್ದವು? 1960ರ ಜೂಜಿನ ಕಾಯ್ದೆ ಬಂದ ಮೇಲೆ ನೂರಾರು ಟಾಕೀಸುಗಳು ಬಿಂಗೋ ಆಡೋ ಹಾಲ್‌ಗಳಾದವು. ಕೆಲವು ಸೂಪರ್ ಮಾರ್ಕೆಟ್, ಕೆಲವು ಗೋಡೌನ್. ಎಷ್ಟೋ ನೆಲಸಮ. ಹಾರ್ವಿಚ್‌ನ ಟಾಕೀಸನ್ನ ಬಿಂಗೋಗೂ ಯಾರೂ ಕೇಳಲಿಲ್ಲ. ಹದಿನಾರು ವರ್ಷ ಹಾಗೇ ಬಿದ್ದಿತ್ತು. ಧೂಳು, ತೇವ, ಪಾರಿವಾಳ.

1972. ಕಿಂಗ್‌ಸ್ಟನ್ ಪಾಲಿಟೆಕ್ನಿಕ್‌ನ ಗಾರ್ಡನ್ ಮಿಲ್ಲರ್ ಅನ್ನೋರು ವಿದ್ಯಾರ್ಥಿಗಳ ಜೊತೆ ಹಾರ್ವಿಚ್ ಅಧ್ಯಯನಕ್ಕೆ ಬಂದರು. ಊರಿನ ಹಳೆ ಬೀದಿಗಳಲ್ಲಿ ಓಡಾಡುವಾಗ ಈ ಕಟ್ಟಡ ಕಣ್ಣಿಗೆ ಬಿತ್ತು. ಕೆಡವಿ ಹಾಕೋ ಅಪಾಯದಲ್ಲಿದ್ದ ಹಾಳು ಕಟ್ಟಡ. ಆದರೆ ಒಳಗೆ ನೋಡಿದ್ರೆ 1911ರದ್ದು ಬಹುಪಾಲು ಇದ್ದಲ್ಲೇ ಇದೆ. ಅವರು ಬಿಡಲಿಲ್ಲ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಸರ್ಕಾರ ಇದನ್ನ ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿಸಿತು.

ಇಲ್ಲಿ ನಿಧಾನ ಮಾಡೋಣ. ಇಡೀ ಕಥೆಯ ತಿರುವು ಇದೇ. ಯಾವ ಕಾರಣ ಕೊಟ್ಟು ಪಟ್ಟಿಗೆ ಸೇರಿಸಿದರು ಗೊತ್ತಾ? ಅದ್ಭುತ ವಾಸ್ತುಶಿಲ್ಪ ಅಂತಲ್ಲ. ರಾಜರು ಕಟ್ಟಿಸಿದ್ದು ಅಂತಲ್ಲ. 'ಸಾಮಾಜಿಕ ಅಧ್ಯಯನದ ದೃಷ್ಟಿಯಿಂದ ಮಹತ್ವದ ಕಟ್ಟಡ' ಅಂತ.

ಈ ಮಾತಿನ ಅರ್ಥ ಏನು? ಬಂದರಿನ ಕೂಲಿಯವನು, ಮೀನು ಮಾರೋಳು, ರಜೆಯಲ್ಲಿ ಬಂದ ನಾವಿಕ, ಕದ್ದು ಶಾಲೆ ತಪ್ಪಿಸಿದ ಹುಡುಗ. ಇವರು ಒಟ್ಟಿಗೆ ಕೂತು ನಕ್ಕ ಜಾಗ ಕೂಡ ಇತಿಹಾಸವೇ. ಅರಮನೆ, ಚರ್ಚು, ಕೋಟೆ ಹೇಗೆ ದಾಖಲೆಯೋ ಹಾಗೆ ಇದೂ ಒಂದು ದಾಖಲೆ. ಪ್ರಶ್ನೆಯೇ ಬದಲಾಗಿ ಹೋಯ್ತು. 'ಇದರಿಂದ ಲಾಭ ಬರುತ್ತಾ?' ಅಂತ ಕೇಳಿದ್ರೆ ಉತ್ತರ ಇಲ್ಲ. 'ಇದು ನೋಡೋಕೆ ಭವ್ಯವಾಗಿದೆಯಾ?' ಅಂತ ಕೇಳಿದ್ರೆ ಪರವಾಗಿಲ್ಲ ಅನ್ನಬಹುದು ಅಷ್ಟೇ. 'ಈ ಊರಿನ ಜನ ಹೇಗೆ ಬದುಕಿದ್ದರು ಅಂತ ಇದು ಹೇಳುತ್ತಾ?' ಅಂತ ಕೇಳಿದಾಗ ಮಾತ್ರ ಹೌದು ಅನ್ನೋ ಉತ್ತರ ಸಿಕ್ಕಿತು.

ಇನ್ನೊಂದು ಲೆಕ್ಕ ನೋಡಿ. 1972ಕ್ಕೆ ಆ ಕಟ್ಟಡದ ವಯಸ್ಸು 61. ನಮ್ಮ ಕೇಂದ್ರ ಸರ್ಕಾರದ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಪ್ರಕಾರ ಯಾವುದೇ ಕಟ್ಟಡ ಸ್ಮಾರಕ ಅನ್ನಿಸ್ಕೊಳ್ಳೋಕೆ ಕನಿಷ್ಠ 100 ವರ್ಷ ಆಗಿರಬೇಕು. ಈ ಅಳತೆ ಹಿಡಿದಿದ್ರೆ ಹಾರ್ವಿಚ್ ಟಾಕೀಸು ಪರೀಕ್ಷೆಗೇ ಕೂರೋ ಹಾಗಿರಲಿಲ್ಲ. ನಮ್ಮ ತಾಲ್ಲೂಕು ಊರಿನ ಎಷ್ಟೋ ಟಾಕೀಸುಗಳು 1940ರಿಂದ 70ರ ಒಳಗೆ ಕಟ್ಟಿದವು. ನೂರು ತುಂಬೋಕೆ ಇನ್ನೂ ಕಾಯಬೇಕು. ಅಲ್ಲಿ ತನಕ ಯಾವುದು ಉಳಿದಿರುತ್ತೆ?

ಪಟ್ಟಿಗೆ ಸೇರಿದ ತಕ್ಷಣ ಟಾಕೀಸು ಎದ್ದು ಕೂರಲಿಲ್ಲ. ಕಾಗದ ಕಟ್ಟಡವನ್ನ ಬೀಳದಂತೆ ತಡೆಯುತ್ತೆ, ಶೋ ನಡೆಸಲ್ಲ. ಊರಿನವರು ಸೇರಿ ಟ್ರಸ್ಟ್ ಮಾಡಿದರು. ಹಣ ಕೂಡಿಸಿದರು, ದುರಸ್ತಿ ಮಾಡಿದರು. ಇದಕ್ಕೆ ಹಿಡಿದದ್ದು ಒಂಬತ್ತು ವರ್ಷ. 1981ರ ನವೆಂಬರ್ 29ಕ್ಕೆ, ಅಂದ್ರೆ ಮೊದಲ ಶೋ ಆಗಿ ಸರಿಯಾಗಿ 70 ವರ್ಷಕ್ಕೆ ಬಾಗಿಲು ತೆರೆದರು. ಹಿಂದೆ ಹೇಳಿದ ಅಂಕಿ ನೆನಪಿದೆಯಾ? ಬ್ರಿಟನ್ನಿನ ಟಾಕೀಸು ವ್ಯಾಪಾರ ಪಾತಾಳ ಮುಟ್ಟಿದ್ದು 1984ರಲ್ಲಿ. ಅಂದ್ರೆ ಎಲ್ಲರೂ ಮುಚ್ಚುತ್ತಿದ್ದ ಹೊತ್ತಲ್ಲಿ ಇವರು ತೆರೆದಿದ್ದು. ವ್ಯಾಪಾರಸ್ಥನಾಗಿದ್ದರೆ ಹುಚ್ಚು ಅಂತಿದ್ದರು.

ಆದರೆ ಇವರು ವ್ಯಾಪಾರ ಮಾಡೋಕೆ ಹೊರಟಿರಲಿಲ್ಲ. ನನ್ನ ಕಾಮರ್ಸ್ ತಲೆಗೆ ಇಲ್ಲೇ ಕುತೂಹಲ. ಟಿಕೆಟ್ ಹರಿಯೋದು, ಜಾಗ ತೋರಿಸೋದು, ತಿಂಡಿ ಮಾರೋದು, ಗುಡಿಸೋದು, ಇಂಥ ಕೆಲಸಗಳನ್ನೆಲ್ಲ ಸ್ವಯಂಸೇವಕರು ಹಂಚಿಕೊಂಡರು. ದಿನಕ್ಕೆ ನಾಲ್ಕು ಶೋ ಅನ್ನೋ ಹಟ ಇಲ್ಲ, ವಾರಾಂತ್ಯದ ಶೋಗಳ ಮೇಲೆ ನಡೆಯೋ ಟಾಕೀಸು. ಅದೇ ಕಟ್ಟಡ, ಅದೇ ಊರು, ಅಷ್ಟೇ ಜನ. ಲಾಭ ಕೇಳೋ ಮಾಲೀಕನ ಕೈಯಲ್ಲಿ ಸೋತದ್ದು, ಖರ್ಚು ಹುಟ್ಟಿದ್ರೆ ಸಾಕು ಅನ್ನೋ ಟ್ರಸ್ಟಿನ ಕೈಯಲ್ಲಿ ನಿಂತಿತು. ಮುಂದೆ ಸೀಲಿಂಗ್ ದುರಸ್ತಿಗೆ ಮತ್ತೆ ಮುಚ್ಚಬೇಕಾಯ್ತು. ಆಗ ಅಲ್ಲಿನ ಸರ್ಕಾರಿ ಲಾಟರಿಯ ಹಣದಿಂದ ನಡೆಯೋ ಪರಂಪರೆ ನಿಧಿ ನೆರವಾಯ್ತು. ಕೆಲಸ ಮುಗಿಸಿ ಮತ್ತೆ ತೆರೆದರು. ಅಂದ್ರೆ 'ಉಳಿಸಿದ್ದು' ಅನ್ನೋದು ಒಂದು ದಿನದ ಘಟನೆ ಅಲ್ಲ. ಹತ್ತು ಹದಿನೈದು ವರ್ಷಕ್ಕೊಮ್ಮೆ ಮತ್ತೆ ಉಳಿಸ್ತಾನೇ ಇರಬೇಕು.

ಈಗ ನಮ್ಮ ಪ್ರಶ್ನೆ. ಇದು ಇಲ್ಲಿ ಆಗುತ್ತಾ?

ನೇರವಾಗಿ ಹೇಳ್ತೀನಿ, ಹಾಗೇ ನಕಲು ಮಾಡೋಕೆ ಆಗಲ್ಲ. ಒಂದು ಸರಳ ಲೆಕ್ಕ. ಉದಾಹರಣೆಗೆ ಅಂತ ಇಟ್ಕೊಳ್ಳಿ, ತಾಲ್ಲೂಕು ಊರಿನಲ್ಲಿ 400 ಸೀಟಿನ ಟಾಕೀಸು. ಟಿಕೆಟ್ ನೂರು ರೂಪಾಯಿ. ವಾರದ ದಿನಗಳಲ್ಲಿ ಶೋಗೆ 30 ಜನ, ದಿನಕ್ಕೆ ನಾಲ್ಕು ಶೋ. ಹನ್ನೆರಡು ಸಾವಿರ ರೂಪಾಯಿ. ಅದರಲ್ಲಿ ಜಿಎಸ್‌ಟಿ ಕಳೀರಿ, ವಿತರಕರ ಪಾಲು ಕಳೀರಿ, ಕರೆಂಟ್ ಬಿಲ್, ಆರು ಜನರ ಸಂಬಳ, ಪ್ರೊಜೆಕ್ಟರ್ ಬಾಡಿಗೆ. ಕೈಗೆ ಉಳಿಯೋದೇನು? ಅದೇ ಜಾಗ ಬಸ್ ಸ್ಟ್ಯಾಂಡ್ ಪಕ್ಕದ ಇಪ್ಪತ್ತು ಗುಂಟೆ. ಮಳಿಗೆ ಕಟ್ಟಿ ಬಾಡಿಗೆಗೆ ಬಿಟ್ರೆ ತಿಂಗಳು ತಿಂಗಳು ದುಡ್ಡು, ತಲೆನೋವಿಲ್ಲ. ಅಣ್ಣತಮ್ಮಂದಿರ ಪಾಲಿನ ಮಾತೂ ಇರುತ್ತೆ. ಹಾಗಾಗಿ ಮಾಲೀಕರನ್ನ ವಿಲನ್ ಮಾಡೋದು ನನಗೆ ಒಪ್ಪಿಗೆ ಇಲ್ಲ. ನಮ್ಮ ನೆನಪಿಗೋಸ್ಕರ ಅವರು ಯಾಕೆ ನಷ್ಟ ತಿನ್ನಬೇಕು?

ಹಾರ್ವಿಚ್‌ಗೆ ಒಂದು ಅದೃಷ್ಟ ಇತ್ತು. ಹದಿನಾರು ವರ್ಷ ಆ ಜಾಗದ ಮೇಲೆ ಯಾರೂ ಹೊಸದೇನನ್ನೂ ಕಟ್ಟಲಿಲ್ಲ. ಯೋಚನೆ ಬದಲಾಗೋ ತನಕ ಕಟ್ಟಡ ಕಾದು ಕೂತಿತ್ತು. ನಮ್ಮೂರುಗಳಲ್ಲಿ ಜಾಗಕ್ಕಿರೋ ರೇಟಿಗೆ ಹದಿನಾರು ತಿಂಗಳೂ ಕಾಯಲ್ಲ. ಆದ್ದರಿಂದ ಅಲ್ಲಿ ಮುಚ್ಚಿದ ಮೇಲೆ ಹುಟ್ಟಿದ ಯೋಚನೆ ಇಲ್ಲಿ ಮುಚ್ಚೋಕೆ ಮುಂಚೆ ಹುಟ್ಟಬೇಕು. ನನ್ನ ಪ್ರಕಾರ ಹಾರ್ವಿಚ್‌ನಿಂದ ನಾವು ತಗೋಬೇಕಾದ ಮುಖ್ಯ ವಿಷಯ ಇದು.

ಊರಿನವರೇ ಸೇರಿ ನಡೆಸೋದು ನಮ್ಮ ಮಣ್ಣಿಗೆ ಒಗ್ಗಲ್ಲ ಅಂತ ಯಾರಾದ್ರೂ ಹೇಳಿದ್ರೆ ಅವರಿಗೆ ಹೆಗ್ಗೋಡು ತೋರಿಸಿ. ಸಾಗರದ ಹತ್ತಿರದ ಆ ಹಳ್ಳಿಯಲ್ಲಿ ಕೆ.ವಿ. ಸುಬ್ಬಣ್ಣ ಮತ್ತು ಗೆಳೆಯರು 1949ರಲ್ಲಿ ನೀನಾಸಂ ಕಟ್ಟಿದರು. ಅಲ್ಲಿ ಶಿವರಾಮ ಕಾರಂತ ರಂಗಮಂದಿರ ಆದದ್ದು 1972ರಲ್ಲಿ. ಹೌದು, ಹಾರ್ವಿಚ್ ಟಾಕೀಸು ಪಟ್ಟಿಗೆ ಸೇರಿದ ಅದೇ ವರ್ಷ. ಮರುವರ್ಷ ಚಿತ್ರಸಮಾಜ ಶುರುವಾಗಿ, ಅಡಿಕೆ ತೋಟದ ಜನರ ಮುಂದೆ ಲೋಕದ ದೊಡ್ಡ ದೊಡ್ಡ ಸಿನಿಮಾಗಳು ಓಡಿದವು. ಅದು ಹಳೇ ಟಾಕೀಸಿನ ಮರುಹುಟ್ಟಲ್ಲ, ನಿಜ. ಆದರೆ ಒಂದು ಹಳ್ಳಿ ತನ್ನ ರಂಗಮಂದಿರವನ್ನ ಲಾಭದ ಲೆಕ್ಕ ಬಿಟ್ಟು ದಶಕಗಳ ಕಾಲ ನಡೆಸಬಲ್ಲದು ಅನ್ನೋಕೆ ಅದಕ್ಕಿಂತ ಸಾಕ್ಷಿ ಬೇಕಾ?

ಹಾಗಾದ್ರೆ ನಾವು ಏನು ಮಾಡಬಹುದು? ಟಾಕೀಸು ಕೊಳ್ಳೋಕೆ ನನ್ನ ಹತ್ರ ದುಡ್ಡಿಲ್ಲ, ನಿಮ್ಮ ಹತ್ರನೂ ಇಲ್ಲ ಅಂದ್ಕೋತೀನಿ. ಆದರೆ ಗಾರ್ಡನ್ ಮಿಲ್ಲರ್ ಕೂಡ ಟಾಕೀಸು ಕೊಂಡು ಶುರು ಮಾಡಲಿಲ್ಲ. ಅವರು ಮಾಡಿದ ಮೊದಲ ಕೆಲಸ ಒಳಗೆ ಹೋಗಿ ಏನೇನಿದೆ ಅಂತ ನೋಡಿದ್ದು, ಅದಕ್ಕೊಂದು ಬೆಲೆ ಇದೆ ಅಂತ ಬೇರೆಯವರಿಗೆ ಅರ್ಥ ಮಾಡಿಸಿದ್ದು.

ಆ ಕೆಲಸಕ್ಕೆ ನಿಮ್ಮ ಕೈಯಲ್ಲಿರೋ ಫೋನ್ ಸಾಕು. ನನ್ನ ತಾಲ್ಲೂಕಿನ ಒಂದು ಹಳೇ ಟಾಕೀಸಿನ ಆಪರೇಟರ್ ಜೊತೆ ಕಳೆದ ವರ್ಷ ಮಾತಾಡಿದ್ದೆ. ಕಾರ್ಬನ್ ಕಡ್ಡಿ ಎರಡರ ತುದಿ ಹತ್ತಿರ ತಂದು ಬೆಳಕು ಹೊತ್ತಿಸೋದು ಹೇಗೆ, ಒಂದು ರೀಲಿನಿಂದ ಇನ್ನೊಂದಕ್ಕೆ ಹೋಗುವಾಗ ಗಾಂಧಿ ಕ್ಲಾಸಿನವರು ಶಿಳ್ಳೆ ಹೊಡೀದ ಹಾಗೆ ಹೇಗೆ ಜೋಡಿಸ್ತಿದ್ರು, ಎಲ್ಲ ಕೈ ಆಡಿಸಿ ತೋರಿಸಿದರು. 'ಇದನ್ನ ಇಲ್ಲೀವರೆಗೂ ಯಾರೂ ಕೇಳಿರಲಿಲ್ಲಪ್ಪ' ಅಂದರು. ನಲವತ್ತು ವರ್ಷದ ಕೆಲಸ, ಒಬ್ಬರೂ ಕೇಳಿಲ್ಲ. ರೆಕಾರ್ಡ್ ಮಾಡಿದ್ದು 50 ನಿಮಿಷ. ಆ ಕೆಲಸ ಗೊತ್ತಿರೋರು ವರ್ಷದಿಂದ ವರ್ಷಕ್ಕೆ ಕಮ್ಮಿ ಆಗ್ತಿದ್ದಾರೆ.

ಆದ್ದರಿಂದ ಕೇಳ್ಕೊಳ್ಳೋದು ಇಷ್ಟೇ. ನಿಮ್ಮೂರಲ್ಲಿ ಟಾಕೀಸು ಇನ್ನೂ ನಿಂತಿದ್ರೆ, ಓಡ್ತಾ ಇರಲಿ ಮುಚ್ಚಿರಲಿ, ಮಾಲೀಕರ ಅನುಮತಿ ಕೇಳಿ ಒಳಗೆ ಹೋಗಿ. ಮುಂಭಾಗ, ಟಿಕೆಟ್ ಕಿಂಡಿ, ಆಪರೇಟರ್ ರೂಮ್, ಸೀಟು, ಗೋಡೆ ಮೇಲಿನ ಬರಹ, ಎಲ್ಲದರ ಫೋಟೋ ತೆಗೀರಿ. ಕಟ್ಟಿದ ವರ್ಷ, ಮೊದಲ ಪಿಕ್ಚರ್ ಯಾವುದು ಅಂತ ಕೇಳಿ ಬರ್ಕೊಳ್ಳಿ. ಗೇಟ್ ಕಾಯ್ತಿದ್ದವರು, ಪೋಸ್ಟರ್ ಅಂಟಿಸ್ತಿದ್ದವರು, ಇಂಟರ್‌ವಲ್‌ನಲ್ಲಿ ಕಡ್ಲೆಕಾಯಿ ಮಾರ್ತಿದ್ದವರು ಇದ್ರೆ ಅವರ ದನಿ ರೆಕಾರ್ಡ್ ಮಾಡಿ. ಹೆಂಗಸರಿಗೆ ಬೇರೆ ಸಾಲು ಇತ್ತಾ, ಯಾರು ಎಲ್ಲಿ ಕೂರ್ತಿದ್ರು, ಯಾರನ್ನ ಎಲ್ಲಿ ಕೂರೋಕೆ ಬಿಡ್ತಿರಲಿಲ್ಲ, ಅದನ್ನೂ ಕೇಳಿ. ಊರಿನ ಇತಿಹಾಸದಲ್ಲಿ ಖುಷಿಯ ಜೊತೆ ಇದೂ ಇರುತ್ತೆ. ಒಂದು ಕಾಪಿ ನಿಮ್ಮೂರಿನ ಗ್ರಂಥಾಲಯಕ್ಕೋ ಕಾಲೇಜಿಗೋ ಕೊಡಿ.

ಇಷ್ಟು ಮಾಡಿದ್ರೆ ಟಾಕೀಸು ಉಳಿಯುತ್ತೆ ಅಂತ ನಾನು ಮಾತು ಕೊಡಲ್ಲ. ಬಹುಪಾಲು ಉಳಿಯಲ್ಲ. ಆದರೆ ಯಾವತ್ತೋ ಒಂದು ದಿನ ಮಾಲೀಕರು ಮಾರೋಕೆ ಹೊರಟಾಗ, ಪಂಚಾಯಿತಿಯೋ ಪುರಸಭೆಯೋ ಸಂಘವೋ 'ಇದರಲ್ಲಿ ಏನಿದೆ ಉಳಿಸೋಕೆ?' ಅಂತ ಕೇಳಿದಾಗ ಮುಂದೆ ಇಡೋಕೆ ಒಂದು ಫೈಲಾದ್ರೂ ಇರುತ್ತೆ. ಹಾರ್ವಿಚ್‌ನಲ್ಲಿ ಕೆಲಸ ಶುರುವಾದದ್ದೂ ಅಂಥ ಒಂದು ಫೈಲಿನಿಂದಲೇ.

ಮುಂದಿನ ಸಂಚಿಕೆಯಲ್ಲಿ ಟೂರಿಂಗ್ ಟಾಕೀಸುಗಳ ಕಥೆ. ನಿಮ್ಮ ಮನೆಯಲ್ಲಿ ಡೇರೆ ಸಿನಿಮಾ ನೋಡಿದ ಅಜ್ಜಿ ತಾತ ಇದ್ರೆ ಈ ವಾರ ಅವರ ಪಕ್ಕ ಕೂತು ಮಾತಾಡಿಸಿ, ಒಂದೆರಡು ನಿಮಿಷದ ಆಡಿಯೋ ಕಳಿಸಿ. ಅವರ ದನಿಯನ್ನೇ ಹಾಕೋಣ.